ಚಿಲಕವಿಲ್ಲದ ಬಾಗಿಲ ಕಾವಲು

ಬೆಳಗಿನ ಐದೂವರೆ. ಆಸ್ಪತ್ರೆಯ ಹೆಂಗಸರ ಹೊಟ್ಟೆಕಾಯಿಲೆಯ ವಾರ್ಡಿನಲ್ಲಿ ಶೌಚಾಲಯದ ಮುಂದೆ ಬಕೆಟ್ ಮಗುಚಿಹಾಕಿಕೊಂಡು ಆಯಾ ಒಬ್ಬಳು ಕುಳಿತಿದ್ದಾಳೆ. ಮುಚ್ಚಿದ ಬಾಗಿಲಿಗೆ ಒಳಗೆ ಚಿಲಕವಿಲ್ಲ. "ದೊಡ್ಡಮ್ಮ, ಇದ್ದೀರಾ?" ಎನ್ನುತ್ತಾಳೆ.

"ಎಲ್ಲಿಗೆ ಹೋಗ್ಲೇ, ಕಿಟಕೀಲಿ ಹಾರ್ಲಾ?" ಎಂದು ಒಳಗಿನಿಂದ ಉತ್ತರ ಬರುತ್ತದೆ. ಆಯಾ ಮತ್ತೆ ಒಂದರಿಂದ ಎಣಿಸತೊಡಗುತ್ತಾಳೆ.

ದೊಡ್ಡಮ್ಮನಿಗೆ ಎರಡು ಕಾಯಿಲೆ. ಕರುಳಿನ ಉರಿಯೂತ ದಿನಕ್ಕೆ ಹತ್ತು ಸಲ ಇಲ್ಲಿಗೆ ಓಡಿಸುತ್ತದೆ. ಮೂರ್ಛೆರೋಗ ಯಾವ ಗಳಿಗೆಯಲ್ಲಿ ಕೆಡವುತ್ತದೋ ಹೇಳಲಾಗದು. ಚಿಲಕ ಹಾಕಿಕೊಂಡು ಬಿದ್ದರೆ ಎತ್ತುವವರಿಲ್ಲ, ಹಾಕದಿದ್ದರೆ ಮಾನದ ಚಿಂತೆ. ಹಾಗಾಗಿ ಇಂಥವರಿಗೆಲ್ಲ ಆಯಾಳೇ ಕಾವಲು. ಮನಸ್ಸಿನಲ್ಲೇ ನೂರು ಎಣಿಸಿ ಒಮ್ಮೆ ಕರೆಯುತ್ತಾಳೆ. ಎರಡು ಕರೆಗೂ ಓಗೊಡದಿದ್ದರೆ ಬಾಗಿಲು ತಳ್ಳುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ತಳ್ಳಿದ್ದು ಏಳು ಸಲ. ವಾರ್ಡಿಗೆಲ್ಲ ಅವಳು "ಚಿಲಕದಕ್ಕ".

ಈ ಎರಡು ಕಾಯಿಲೆಗೂ ನಂಟಿದೆಯೇ ಎಂದು ಚಿಲಕದಕ್ಕ ಒಮ್ಮೆ ವೈದ್ಯರನ್ನು ಕೇಳಿದ್ದಳು. ಇರಬಹುದು, ಇನ್ನೂ ಹುಡುಕುತ್ತಿದ್ದಾರೆ, ಒಂದಿದ್ದವರಿಗೆಲ್ಲ ಇನ್ನೊಂದು ಬರಲೇಬೇಕೆಂದೇನಿಲ್ಲ ಎಂದಿದ್ದರಂತೆ.

ಆ "ಇರಬಹುದು" ಈಗ ಆಕೆಯ ಒಡಲಲ್ಲಿ ಕೆಂಡವಾಗಿದೆ. ಅವಳ ಹದಿನೇಳರ ಮಗಳಿಗೆ ಎಳವೆಯಿಂದ ಮೂರ್ಛೆ. ಗುಳಿಗೆಯ ದಯೆ, ದೇವರ ದಯೆ, ಮೂರು ವರ್ಷ ಮನೆ ನೆಮ್ಮದಿಯಾಗಿತ್ತು. ಕಳೆದ ತಿಂಗಳಿಂದ ಹುಡುಗಿ ಶೌಚಕ್ಕೆ ಹೋದರೆ ಹೊರಬರುವುದು ತಡವಾಗತೊಡಗಿತು. ಚಿಲಕ ಹಾಕಬೇಡ ಎಂದರೆ ಮುನಿಸು. ಪ್ರಾಯದ ನಾಚಿಕೆ ಎಂದುಕೊಂಡಳು ತಾಯಿ. ದೀಪದ ಬುಡದಲ್ಲೇ ಕತ್ತಲೆ. ಒಂದು ಮುಂಜಾನೆ ಕೆಲಸಕ್ಕೆ ಹೊರಟವಳಿಗೆ ಧೊಪ್ಪೆಂಬ ಸದ್ದು ಕೇಳಿತು. ಭುಜ ಕೊಟ್ಟು ಬಾಗಿಲು ಮುರಿದು ನೋಡಿದರೆ ಮಗಳು ಸೆಟೆದು ಬಿದ್ದಿದ್ದಾಳೆ; ನೀರು ಹಾಕದ ಗುಂಡಿಯಲ್ಲಿ ರಕ್ತ. ತಿಂಗಳಿಂದ ಮುಚ್ಚಿಟ್ಟಿದ್ದ ಭೇದಿಯಿಂದಾಗಿ ಮೂರ್ಛೆಯ ಗುಳಿಗೆ ಮೈಗೆ ಹತ್ತದೆ ಹೋಗಿರಬಹುದು ಎಂದರು ವೈದ್ಯರು.

"ದಿನಾ ಹದಿನೈದು ಜನರ ಹೊಟ್ಟೆ ವಿಚಾರಿಸ್ತೀನಿ. ನನ್ನ ಕೂಸನ್ನ ಒಂದಿನ ಕೇಳ್ಲಿಲ್ಲ," ಎನ್ನುತ್ತಾಳೆ ಚಿಲಕದಕ್ಕ, ನೆಲ ನೋಡುತ್ತ.

ಇಂದು ಹತ್ತು ಗಂಟೆಗೆ ಮಗಳ ಕರುಳಿನೊಳಗೆ ಕ್ಯಾಮೆರಾದ ನಳಿಕೆ ಬಿಟ್ಟು ನೋಡಲಿದ್ದಾರೆ. ಇದೇ ವಾರ್ಡಿನ ಕೊನೆಯ ಮಂಚ ಅವಳದು. ತಾಯಿಗೆ ರಜೆ ಹಾಕಲು ಮನಸ್ಸಿಲ್ಲ. ಸುಮ್ಮನೆ ಕೂತರೆ ಭಯ ತಿಂದುಹಾಕುತ್ತದೆ. ದೇವರಲ್ಲಿ ಏನು ಬೇಡಿಕೊಂಡೆ ಎಂದು ಕೇಳಿದರೆ ಕೊನೆಯ ಮಂಚದತ್ತ ನೋಡುತ್ತಾಳೆ. "ಏನು ಕಾಯ್ಲೆನಾದ್ರೂ ಇರ್ಲಿ. ಇನ್ಮುಂದೆ ನನ್ನತ್ರ ಮುಚ್ಚಿಡ್ದಿದ್ರೆ ಸಾಕು."

ದೊಡ್ಡಮ್ಮ ಹೊರಬಂದ ಮೇಲೆ, ಪರೀಕ್ಷೆಗೆಂದು ಹೊಟ್ಟೆ ಖಾಲಿಯಾಗುವ ಔಷಧಿ ಕುಡಿದ ಮಗಳು ಗೋಡೆ ಹಿಡಿದುಕೊಂಡು ಬಂದು ಒಳಹೋಗುತ್ತಾಳೆ. ನೂರು ಎಣಿಸುವ ಧೈರ್ಯ ತಾಯಿಗಿಲ್ಲ. ಮೂವತ್ತಕ್ಕೇ ಕರೆಯುತ್ತಾಳೆ. ಮತ್ತೆ ಕರೆಯುತ್ತಾಳೆ. ಕೈ ಬಾಗಿಲ ಮೇಲಿದೆ, ತುಟಿಯಲ್ಲಿ ದೇವರ ಹೆಸರು.

"ಇದ್ದೀನಮ್ಮ," ಎನ್ನುತ್ತದೆ ಸಣ್ಣ ದನಿ. "ಇವತ್ತೂ ರಕ್ತ ಇದೆ. ಒಳಗ್ ಬಂದು ನೋಡ್ತೀಯಾ?"