ಮೂರು ಕಿಟಕಿಗಳಿಗೆ ಒಂದೇ ಅಡಾಪ್ಟರ್

ಕಬ್ಬಿಣ ಕೊರೆಯುವ ನಮ್ಮ ಮಿಲ್ಲಿಂಗ್ ಮಷೀನು ಗೋವಾದ ಮುಚ್ಚಿಹೋದ ಕಾರ್ಖಾನೆಯೊಂದರಿಂದ ಅನಮೋಡ ಘಾಟಿ ಹತ್ತಿ ದಾಂಡೇಲಿಗೆ ಬಂದದ್ದು. ಬರುವಾಗಲೇ ಅದರ ಮೈಮೇಲೆ ಮೂರು ಪುಟ್ಟ ಕಿಟಕಿಗಳಿದ್ದವು. ಕೊರೆಯುವ ತುಂಡನ್ನು ಬಿಗಿಯುವ ಅದರ ಮೇಜು ಎಡಬಲಕ್ಕೆ ಸರಿದರೆ ಒಂದರಲ್ಲಿ, ಹಿಂದೆ ಮುಂದೆ ಸರಿದರೆ ಇನ್ನೊಂದರಲ್ಲಿ, ಮೇಲೆ ಕೆಳಗಾದರೆ ಮೂರನೆಯದರಲ್ಲಿ ಅಂಕೆಗಳು ಮೂಡುತ್ತಿದ್ದವು. ರೀಡೌಟ್ ಎಂದು ಅವುಗಳ ಹೆಸರು. ಒಂದು ತಲೆಗೂದಲನ್ನು ಉದ್ದಕ್ಕೆ ಹಲವು ಎಳೆಗಳಾಗಿ ಸೀಳಿದರೆ ಅದರ ಒಂದೆಳೆಯಷ್ಟು ಚಲನೆಯನ್ನೂ ಅವು ಹೇಳುತ್ತಿದ್ದವು. ಅಷ್ಟು ಭಾರದ ಕಬ್ಬಿಣ ಅಷ್ಟು ಸೂಕ್ಷ್ಮವಾಗಿ ಮಾತಾಡಬಲ್ಲದೆಂಬ ಬೆರಗು ನನ್ನಲ್ಲಿ ಇಂದಿಗೂ ಹಳತಾಗಿಲ್ಲ.

ನಾನು ಓದಿದ್ದು ಕೈಕೆಲಸವನ್ನೂ ಪಾಠವನ್ನೂ ಬೇರ್ಪಡಿಸದ ಶಾಲೆಯಲ್ಲಿ. ತಪ್ಪು ಕಂಡರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕೆಂದು ಅಲ್ಲಿ ಕಲಿಸಿದ್ದರು. ದಾಂಡೇಲಿಯಲ್ಲಿ ಹೆಣ್ಣುಮಕ್ಕಳ ಸಂಘವೊಂದು ಬಾಡಿಗೆ ಶೆಡ್ಡಿನಲ್ಲಿ ವರ್ಕ್‌ಶಾಪ್ ತೆರೆದಾಗ, ನಕ್ಷೆ ಓದುವುದನ್ನು ಕಲಿಸಲು ನಾನು ಸೇರಿಕೊಂಡೆ. ಅಲ್ಲಿ ನಾನು ಹೆಸರಿಟ್ಟು ಕರೆದ ಮೊದಲ ತಪ್ಪು ಗುಂಡಿ ಸೆಲ್ಲುಗಳದು. ಮೂರು ರೀಡೌಟುಗಳೂ ಗುಂಡಿಯಷ್ಟು ಸಣ್ಣ ಸೆಲ್ಲುಗಳಿಂದ ನಡೆಯುತ್ತಿದ್ದವು. ಸತ್ತ ಸೆಲ್ಲು ಶೆಡ್ಡಿನ ಹಿಂದಿನ ಗಟಾರಕ್ಕೆ ಹೋಗುತ್ತಿತ್ತು, ಗಟಾರ ಕಾಳಿ ನದಿಗೆ. ಆ ನೀರನ್ನೇ ಕೆಳಗಿನ ಊರುಗಳು ಕುಡಿಯುತ್ತವೆಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಅದಕ್ಕಿಂತ ದೊಡ್ಡ ತೊಂದರೆ ಮಷೀನು ನಡೆಸುವವಳದು. ಕೆಲಸದ ನಟ್ಟನಡುವೆ ಸೆಲ್ಲು ಸತ್ತರೆ ಕಿಟಕಿ ಕುರುಡಾಗುತ್ತಿತ್ತು. ಎಲ್ಲಿಂದ ಅಳೆಯುತ್ತಿದ್ದಳೋ ಆ ಸೊನ್ನೆಯೇ ಕಳೆದುಹೋಗುತ್ತಿತ್ತು.

ಮಷೀನು ನಡೆಸುತ್ತಿದ್ದವಳು ಹಳಿಯಾಳದ ಕಡೆಯ ಹಳ್ಳಿಯೊಂದರ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹೆಣ್ಣುಮಗಳು. ಎಲ್ಲರಿಗೂ ಅವಳು ಅಕ್ಕ. ನಮ್ಮ ಮೇಲ್ವಿಚಾರಕರು ಫಿಟ್ಟರಾಗಿದ್ದು ನಿವೃತ್ತರಾದ ಹಿರಿಯರು. ಅವರು ಎಲ್ಲರಿಗೂ ಕಾಕಾ.

ಮೂರಕ್ಕೂ ಸೇರಿಸಿ ಗೋಡೆಗೆ ಸಿಕ್ಕಿಸುವ ಒಂದೇ ಅಡಾಪ್ಟರ್ ಹಾಕೋಣವೆಂದು ನಾನು ಹೇಳಿದಾಗ ಕಾಕಾ ಉತ್ಸಾಹದಿಂದ ಎದ್ದರು.

"ಟಾರ್ಚಿನ್ಯಾಗ ಮೂರು ಸೆಲ್ಲು ಸಾಲಾಗಿ ಕೂಡಂಗಿಲ್ಲೇನು? ಹಂಗ ಇವನ್ನೂ ಸಾಲಿಗೆ ಹಚ್ಚೂಣು. ಗಣಪತಿ ಮುಂದಿನ ಸೀರಿಯಲ್ ಸೆಟ್ ಇದ್ದಂಗ."

"ಬ್ಯಾಡ ಕಾಕಾ," ಎಂದಳು ಅಕ್ಕ. "ಸೀರಿಯಲ್ ಸೆಟ್ಟಿನ್ಯಾಗ ಒಂದು ಹೋತಂದ್ರ ಎಲ್ಲಾ ಹೋಗ್ತಾವು. ಕ್ರಿಸ್‌ಮಸ್ಸಿಗೆ ನಮ್ಮ ಗೋದಲಿ ಮುಂದ ವರ್ಷಾ ಅದ ಕಥಿ. ಯೇಸುಸ್ವಾಮಿ ಕತ್ತಲದಾಗ ಹುಟ್ಟತಾನ."

ವಾದ ಮುಗಿಸಲು ನಾನು ಮಲ್ಟಿಮೀಟರ್ ತಂದೆ. ಒಂದು ಕಡ್ಡಿಯನ್ನು ರೀಡೌಟಿನ ಸೆಲ್ಲು ಕೂರುವ ಜಾಗದ ಪ್ಲಸ್ಸಿಗೂ ಇನ್ನೊಂದನ್ನು ಮಷೀನಿನ ಮೇಜಿಗೂ ತಾಗಿಸಿದೆ. ಮೀಟರು ಕೂಗಿತು, ಅಂದರೆ ಎರಡರ ನಡುವೆ ವಿದ್ಯುತ್ತಿಗೆ ದಾರಿಯಿದೆ. ಎರಡನೆಯ ರೀಡೌಟಿಗೂ ಕೂಗಿತು, ಮೂರನೆಯದಕ್ಕೂ. ಮೂರರ ಪ್ಲಸ್ಸೂ ಅವುಗಳ ಉಕ್ಕಿನ ಮೈಗೆ ಅಂಟಿತ್ತು. ಆ ಮೈ ಮಷೀನಿಗೆ. ಅಂದರೆ, ನಾವು ತಂತಿ ಎಳೆಯುವ ಮೊದಲೇ ಆ ದೈತ್ಯ ಕಬ್ಬಿಣವೇ ಮೂರರ ಪ್ಲಸ್ಸನ್ನೂ ಕೂಡಿಸುವ ಒಂದು ತಂತಿಯಾಗಿ ನಿಂತಿತ್ತು! ಸಾಲಾಗಿ ಜೋಡಿಸಿದ್ದರೆ ಮೊದಲೆರಡಕ್ಕೆ ಏನೂ ಸಿಗದೆ, ಕೊನೆಯದರ ಮೇಲೆ ಮೂರೂ ಪಾಲಿನ ವೋಲ್ಟು ಬಿದ್ದು ಅದು ಸುಡುತ್ತಿತ್ತು. ಆದ್ದರಿಂದ ಅಡಾಪ್ಟರಿನ ಐದು ವೋಲ್ಟನ್ನು ಒಂದೂವರೆಗೆ ಇಳಿಸುವ ಪುಟ್ಟ ಬೋರ್ಡೊಂದನ್ನು ತಂದು, ಅದರಿಂದ ಮೂರಕ್ಕೂ ಪ್ರತ್ಯೇಕವಾಗಿ, ಸಮನಾಗಿ ತಂತಿ ಕೊಟ್ಟೆವು. ಸ್ವಿಚ್ಚು ಒತ್ತಿದಾಗ ಮೂರು ಕಿಟಕಿಗಳೂ ಒಟ್ಟಿಗೆ ಕಣ್ಣು ತೆರೆದವು. ಕಾಕಾ ಚಪ್ಪಾಳೆ ತಟ್ಟಿದರು.

ಸಂತೋಷ ಆ ದಿನಕ್ಕಷ್ಟೆ. ಕೊನೆಯ ಅಂಕೆಗಳು ನಿಲ್ಲುತ್ತಿರಲಿಲ್ಲ. ಮೇಜು ಕದಲದಿದ್ದರೂ ಅವು ನಡುಗುತ್ತಿದ್ದವು. ಒಮ್ಮೊಮ್ಮೆ ಜಿಗಿದೇ ಬಿಡುತ್ತಿದ್ದವು. ಅಡಾಪ್ಟರ್ ಹೊಸದು, ಬೋರ್ಡು ಹೊಸದು. ಹಾಗಾಗಿ ಸಂಶಯ ಬಿದ್ದದ್ದು ಮಷೀನು ನಡೆಸುವ ಅಕ್ಕನ ಕೈಯ ಮೇಲೆ.

ಅದು ಕಬ್ಬಿನ ಹಂಗಾಮಿಗೆ ಮೊದಲಿನ ತಿಂಗಳು. ಹಳಿಯಾಳದಲ್ಲಿ ಕಬ್ಬಿನ ಗಾಣಗಳನ್ನು ರಿಪೇರಿ ಮಾಡಿಸುವ ಸಾಹುಕಾರರೊಬ್ಬರು ನಮಗೆ ಗಾಣದ ದಂಡಗಳನ್ನು ಜೋಡಿಸುವ ಕಪ್ಲಿಂಗುಗಳ ಕೆಲಸ ಕೊಟ್ಟಿದ್ದರು. ಒಂದೊಂದರಲ್ಲೂ ಅಳತೆ ತಪ್ಪದ ಸೀಳು, ಅಂದರೆ ಸ್ಲಾಟ್, ಕೊರೆಯಬೇಕು. ಸಡಿಲಾದರೆ ಗಾಣ ತಿರುಗುವಾಗ ಬಡಿದು ಒಡೆಯುತ್ತದೆ. ಅಕ್ಕನ ಮೊದಲ ಕಂತು ಸಡಿಲವೆಂದು ವಾಪಸ್ಸಾಯಿತು. ಸಾಹುಕಾರರು ಸ್ವತಃ ಶೆಡ್ಡಿಗೆ ಬಂದು, ಅವಳಿಗೆ ಕೇಳುವಂತೆಯೇ ಕಾಕಾಗೆ ಹೇಳಿದರು:

"ಈ ಮಂದೀದು ಡೋಲು ಬಾರಸೂ ಕೈರಿ. ಮಷೀನಿಗೆ ಹೊಂದಂಗಿಲ್ಲ. ಮುಂದಿನ ಕಂತೂ ಹಿಂಗ ಬಂದ್ರ, ನಾ ಬ್ಯಾರೆ ಕಡೆ ನೋಡ್ಕೋತೇನಿ."

ಇದು ಜನಾಂಗದ ಮೇಲಿನ ತಾತ್ಸಾರ, ಬೇರೇನೂ ಅಲ್ಲವೆಂದು ನಾನು ಅಲ್ಲೇ ಹೇಳಿದೆ. ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಡೋಲಿಗೆ ತಾಳ ತಪ್ಪದ ಕೈ ಬೇಕ್ರಿ ಸಾವ್ಕಾರ್ರ. ಒಂದ್ಸಲ ಬಾರಿಸಿ ನೋಡ್ರಿ, ಆಮ್ಯಾಲ ಮಾತಾಡೂಣು."

ಅವರು ಹೋದ ಮೇಲೆ ಕಾಕಾ ತಲೆ ತಗ್ಗಿಸಿ ಹೇಳಿದರು: "ತಂಗೀ, ಈ ಕಂತೂ ತಿರುಗಿ ಬಂತಂದ್ರ ಸಂಘದಾಗ ಯಾರೂ ನನ್ನ ಮಾತು ಕೇಳಂಗಿಲ್ಲ. ನಿನ್ನ ಮಷೀನ್ ಮ್ಯಾಲಿಂದ ತೆಗೆದು ಅಂಚು ಉಜ್ಜಾಕ ಕೂಡಸ್ತಾರ." ಅಂಚು ಉಜ್ಜುವುದೆಂದರೆ ದಿನವಿಡೀ ಅರ ಹಿಡಿದು ಇತರರ ಕೆಲಸದ ಚೂಪನ್ನು ಸವೆಸುತ್ತಾ ಕೂರುವುದು. ಅಕ್ಕ ಮೇಜಿನ ಮೇಲಿನ ಕಬ್ಬಿಣದ ಚೂರುಗಳನ್ನು ಬ್ರಷ್ಷಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅವಳದೊಂದು ರೂಢಿಯಿತ್ತು. ವರ್ಕ್‌ಶಾಪಿನಲ್ಲಿ ಬೂಟು ಕಡ್ಡಾಯವೆಂದು ಹಟ ಹಿಡಿದು ಜಾರಿಗೆ ತಂದವರು ನಾವೇ. ಅವಳು ಒಪ್ಪಿದ್ದಳು, ಆದರೆ ಒಂದು ಷರತ್ತಿನ ಮೇಲೆ. ಬೆಳಿಗ್ಗೆ ಮಷೀನಿಗೆ ನಮಸ್ಕರಿಸುವಾಗ ಮಾತ್ರ ಬರಿಗಾಲು. ಬೂಟು ಬಿಚ್ಚಿ, ಸಿಮೆಂಟು ನೆಲದ ಮೇಲೆ ನಿಂತು, ಅಂಗೈಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ, ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಬೂಟು ಹಾಕಿಕೊಂಡು ಕೆಲಸ ಶುರುಮಾಡುತ್ತಿದ್ದಳು.

ಮರುದಿನ ಬೆಳಿಗ್ಗೆ, ದಿನವೂ ಅವಳ ನಮಸ್ಕಾರದ ನಂತರ ಹಾಕುತ್ತಿದ್ದ ಸ್ವಿಚ್ಚನ್ನು ನಾನು ಮುಂಚಿತವಾಗಿಯೇ ಹಾಕಿ ಆ ನಡುಗುವ ಅಂಕೆಗಳನ್ನು ನೋಡುತ್ತಾ ನಿಂತಿದ್ದೆ. ಅಕ್ಕ ಬಂದಳು. ಬೂಟು ಬಿಚ್ಚಿದಳು. ಅಂಗೈ ಇಟ್ಟಳು.

ಮೂರೂ ಕಿಟಕಿಗಳು ನಿಶ್ಚಲವಾದವು.

ಗಾಳಿ ನಿಂತ ಕೂಡಲೇ ಕೆರೆಯ ನೀರು ಹೇಗೆ ಒಮ್ಮೆಗೇ ಕನ್ನಡಿಯಾಗುತ್ತದೋ ಹಾಗೆ. "ಅಕ್ಕಾ, ಕೈ ತೆಗಿ," ಎಂದೆ. ಅಂಕೆಗಳು ನಡುಗಿದವು. "ಇಡು." ನಿಂತವು.

"ಏನ್ರಿ ಟೀಚರ್ರ, ಮಷೀನಿಗೆ ದೃಷ್ಟಿ ತೆಗಿಯಾಕ ಹತ್ತೀರೇನು?" ಎನ್ನುತ್ತಾ ಕಾಕಾ ಬಂದರು. ನಾನು ತೋರಿಸಿದೆ. ಅಕ್ಕ ಕೈ ತೆಗೆದಾಗ ಅವರೂ ಅಂಗೈ ಇಟ್ಟರು. ಅಂಕೆಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ನೋಡ್ರಿ, ನಂದ ಮಾತು ಕೇಳೂದು ಇದು," ಎಂದು ಅಕ್ಕ ನಕ್ಕಳು.

"ಹಂಗಲ್ಲವಾ..." ಎನ್ನುತ್ತಾ ಕಾಕಾ ತಮ್ಮ ಕಾಲನ್ನು ನೋಡಿಕೊಂಡರು. ದಪ್ಪ ರಬ್ಬರಿನ ಬೂಟು. ಅದನ್ನು ಬಿಚ್ಚಿ ಮತ್ತೆ ಅಂಗೈ ಇಟ್ಟರು. ಅಂಕೆಗಳು ನಿಂತವು.

ಮಷೀನು ಹುಡುಕುತ್ತಿದ್ದದ್ದು ನೆಲವನ್ನು. ಅಡಾಪ್ಟರಿನಿಂದ ಸೋರುವ ವಿದ್ಯುತ್ತಿನ ಸಣ್ಣ ಕಲಕಾಟ ಕಬ್ಬಿಣದ ಮೈಯಲ್ಲೆಲ್ಲ ಹರಡಿ, ಇಳಿದುಹೋಗಲು ದಾರಿಯಿಲ್ಲದೆ, ಅಂಕೆಗಳನ್ನು ಅಲುಗಿಸುತ್ತಿತ್ತು. ಬರಿಗಾಲಿನ ಹೆಣ್ಣೊಬ್ಬಳು ಅದಕ್ಕೆ ತನ್ನ ದೇಹವನ್ನೇ ದಾರಿಯಾಗಿ ಕೊಟ್ಟಿದ್ದಳು. ಆದರೆ ಆ ದಾರಿಯನ್ನು ಕೊಡಬೇಕಾದದ್ದು ಅವಳಲ್ಲ, ನೆಲಕ್ಕೆ ಇಳಿಯುವ ಹಸಿರು ಅರ್ಥಿಂಗ್ ತಂತಿ. ಮಷೀನಿನ ಪ್ಲಗ್ಗಿನಿಂದ ಗೋಡೆಯ ಹಿಂಭಾಗದವರೆಗೆ ಹುಡುಕಿಕೊಂಡು ಹೋದೆವು. ಹಸಿರು ತಂತಿ ಗೋಡೆಯಾಚೆ ಬಂದು ಗಾಳಿಯಲ್ಲಿ ಮುಗಿದಿತ್ತು. ನೆಲ ಮುಟ್ಟಿರಲೇ ಇಲ್ಲ.

ಶೆಡ್ಡಿನ ಮಾಲೀಕರಿಗೆ ಫೋನು ಮಾಡಿದೆ. "ಮೂರನೇ ತಂತಿ ಸುಮ್ನ ಶೋಕ್ರಿ, ಅದರಿಂದ ಲೈಟ್ ಹತ್ತತೈತೇನು?" ಎಂದರು. ಇದಕ್ಕೂ ಹೆಸರಿದೆ. ಇದು ಕೆಲಸದವರ ಜೀವದ ಬಗೆಗಿನ ಅಸಡ್ಡೆ. ಮಷೀನಿನ ಒಳತಂತಿ ಎಲ್ಲಾದರೂ ಅದರ ಕಬ್ಬಿಣದ ಮೈಗೆ ತಾಗಿದ್ದರೆ, ಅದೇ ಅಂಗೈಯ ಮೂಲಕ, ಅದೇ ಬರಿಗಾಲಿನ ಮೂಲಕ ಸಾವು ಹರಿಯುತ್ತಿತ್ತು. ನಡುಗುವ ಅಂಕೆಗಳು ಇಷ್ಟು ದಿನವೂ ಹೇಳುತ್ತಿದ್ದದ್ದು ಅದನ್ನೇ. ನಾವು ಅದನ್ನು ಅವಳ ಕೈಯ ನಡುಕವೆಂದು ಓದಿದ್ದೆವು.

ಮಾಲೀಕರನ್ನು ಕಾಯಲಿಲ್ಲ. ವೈರ್‌ಮನ್ನನನ್ನು ಕರೆಸಿ ಮೇನ್ ಸ್ವಿಚ್ಚು ಆಫ್ ಮಾಡಿಸಿದೆವು. ಶೆಡ್ಡಿನ ಹಿಂದೆ ಕಾಕಾ, ಅಕ್ಕ, ನಾನು ಸರದಿಯಂತೆ ಗುಂಡಿ ತೋಡಿದೆವು. ಇಸ್ತ್ರಿ ಅಂಗಡಿಯಿಂದ ಇದ್ದಿಲು ಬಂತು, ಕಿರಾಣಿಯಿಂದ ಹರಳುಪ್ಪು. ಕಬ್ಬಿಣದ ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ಪದರಪದರವಾಗಿ ತುಂಬಿ, ನೀರು ಸುರಿದೆವು. ವೈರ್‌ಮನ್ ಹಸಿರು ತಂತಿಯನ್ನು ಪೈಪಿಗೆ ಬಿಗಿದು, ತನ್ನ ಮೀಟರಿನಿಂದ ಪರೀಕ್ಷಿಸಿ, ಸರಿಯೆಂದು ತಲೆಯಾಡಿಸಿ, ಗುಂಡಿ ಒಣಗಿದರೆ ಅರ್ಥಿಂಗ್ ಕೆಡುತ್ತದೆಂದು ಎಚ್ಚರಿಸಿದ.

ಒಳಗೆ ಹೋಗಿ ಸ್ವಿಚ್ಚು ಹಾಕಿದೆವು. ಯಾರೂ ಮಷೀನು ಮುಟ್ಟಿರಲಿಲ್ಲ. ಮೂರು ಕಿಟಕಿಗಳಲ್ಲಿ ಮೂರು ಸೊನ್ನೆಗಳು ಕಲ್ಲಿನಲ್ಲಿ ಕೆತ್ತಿದಂತೆ ನಿಂತಿದ್ದವು. ಈ ನೆಲದ ಮೇಲೆ ಎಷ್ಟೋ ವರ್ಷ ನಡೆದಾಡಿದ್ದೇನೆ. ಅದು ಅಂಕೆಗಳನ್ನು ಸಮಾಧಾನಪಡಿಸಬಲ್ಲದೆಂದು ಆ ದಿನದವರೆಗೆ ಕಂಡಿರಲಿಲ್ಲ.

ಎರಡನೆಯ ಕಂತನ್ನು ಅಕ್ಕ ಬೂಟು ಹಾಕಿಕೊಂಡೇ ಕೊರೆದಳು. ಸಾಹುಕಾರರು ಬಂದು ಅಳತೆ ನೋಡುವ ತಮ್ಮ ಗೇಜನ್ನು ಒಂದೊಂದು ಸ್ಲಾಟಿಗೂ ಇಳಿಸಿದರು. ಅದು ಬಿಗಿಯಾಗದೆ, ಸಡಿಲಾಗದೆ, ಎಣ್ಣೆಯಲ್ಲಿ ಜಾರಿದಂತೆ ಕೂತಿತು. ಕೊನೆಯದನ್ನು ಕೈಯಲ್ಲೇ ಹಿಡಿದು ಕೇಳಿದರು:

"ಇದನ್ನ ಯಾರ್ ಮಾಡಿದ್ರು?"

"ಡೋಲು ಬಾರಸೂ ಕೈರಿ," ಎಂದಳು ಅಕ್ಕ.

ಕಾಕಾ ಬಾಯಿಗೆ ಟವೆಲ್ಲು ಅಡ್ಡ ಹಿಡಿದರು. ಸಾಹುಕಾರರು ಕಂತನ್ನು ಗಾಡಿಗೆ ಏರಿಸಲು ಹೇಳಿ, ಮುಂದಿನದು ಬೇಗ ಬೇಕೆಂದು ಹೊರಟರು. ಆಡಿದ ಮಾತಿಗೆ ಕ್ಷಮೆ ಕೇಳಲಿಲ್ಲ. ಅದು ತಪ್ಪಾಗಿಯೇ ಉಳಿದಿದೆ, ಅದನ್ನು ನಾನು ಸರಿಯೆಂದು ಬರೆಯಲಾರೆ.

ಅಕ್ಕ ಮಾತ್ರ ಆಗಲೇ ಹೊಸ ಕಬ್ಬಿಣವನ್ನು ಮೇಜಿಗೆ ಬಿಗಿದು, ಮೂರೂ ಕಿಟಕಿಗಳನ್ನು ಸೊನ್ನೆಗೆ ತಂದಿದ್ದಳು. ಈಗಲೂ ಬೆಳಿಗ್ಗೆ ಅವಳು ಬೂಟು ಬಿಚ್ಚಿ ಅಂಗೈ ಇಡುತ್ತಾಳೆ. ಅದಕ್ಕೂ ಮೊದಲು ಶೆಡ್ಡಿನ ಹಿಂದೆ ಹೋಗಿ, ಪೈಪಿನ ಬುಡಕ್ಕೆ ಒಂದು ಕೊಡ ನೀರು ಹೊಯ್ದು ಬರುತ್ತಾಳೆ.