ಲೈಬ್ರರಿ ಹೊತ್ತು ತಂದ ಸೊಸೆ

ಒಂದು ಕಾಲದಲ್ಲಿ ನಾನು ಲೈಬ್ರರಿ ಕಟ್ಟುತ್ತಿದ್ದೆ. ಹೀಗೆಂದ ಕೂಡಲೇ ಜನ ನನ್ನನ್ನು ಗೌರವದಿಂದ ನೋಡುತ್ತಾರೆ. ಮನೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಪುಸ್ತಕಗಳನ್ನು ದಾನ ಕೊಡಲೂ ಮುಂದಾಗುತ್ತಾರೆ. ನನ್ನ ಲೈಬ್ರರಿಯಲ್ಲಿ ಪುಸ್ತಕವೇ ಇರುವುದಿಲ್ಲ ಎಂದು ಹೇಳಿ ಆ ಗೌರವವನ್ನು ಕಳೆದುಕೊಳ್ಳಲು ಮನಸ್ಸಾಗದೆ ಎಷ್ಟೋ ಸಲ ಸುಮ್ಮನೆ ನಕ್ಕುಬಿಟ್ಟಿದ್ದೇನೆ.

ರೇಷ್ಮೆಗೆ ಚಿನ್ನದಂಥ ಬೆಲೆಯಿದ್ದ ಕಾಲ ಅದು. ರಾಮನಗರದಲ್ಲಿ ನೂಲು ಬಿಚ್ಚುವವರ ಬೀದಿಯ ಒಂದು ಮಹಡಿಯ ಮೇಲೆ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಕೆಳಗೆ ಗೂಡು ಬೇಯುವ ವಾಸನೆ, ಮೇಲೆ ಕೀಲಿಮಣೆಯ ಟಕಟಕ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೋ, ಆ ವಾಸನೆಯಿಲ್ಲದ ದಿನ ಪ್ರೋಗ್ರಾಮಿನಲ್ಲಿ ತಪ್ಪು ಹೆಚ್ಚಾಗುತ್ತದೆ ಎಂಬ ಗುಮಾನಿ.

ನಮ್ಮ ಕಸುಬಿನಲ್ಲಿ ಲೈಬ್ರರಿ ಎಂದರೆ ಒಮ್ಮೆ ಬರೆದಿಟ್ಟು ಹಲವು ಪ್ರೋಗ್ರಾಮುಗಳು ಬಳಸಿಕೊಳ್ಳುವ ಲೆಕ್ಕಾಚಾರಗಳ ಕಂತೆ. ಅದರಲ್ಲಿ ಎರಡು ಬಗೆ. ಶೇರ್ಡ್ ಎಂಬುದು ಯಂತ್ರದಲ್ಲಿ ಒಂದು ಕಡೆ ಇರುತ್ತದೆ, ಬೇಕಾದವರು ಹಂಚಿಕೊಳ್ಳುತ್ತಾರೆ. ಸ್ಟ್ಯಾಟಿಕ್ ಎಂಬುದು ಪ್ರೋಗ್ರಾಮಿನ ಹೊಟ್ಟೆಯೊಳಗೇ ಸೇರಿ, ಅದು ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ. ಲಿಬ್‌ಟೂಲ್ ಎಂಬ ಉಪಕರಣಕ್ಕೆ ಕಪ್ಪು ಪರದೆಯ ಮೇಲೆ ಅಪ್ಪಣೆ ಟೈಪು ಮಾಡಿದರೆ ಎರಡನ್ನೂ ಕಟ್ಟಿಕೊಡುತ್ತದೆ. ಎಷ್ಟು ಓದಿದರೂ ತಲೆಗೆ ಹತ್ತದ ಈ ವಿಷಯ ನನಗೆ ಹತ್ತಿದ್ದು ಸಾತನೂರಿನ ಹತ್ತಿರದ ನನ್ನ ಅತ್ತೆಮನೆಯ ಜಗುಲಿಯಲ್ಲಿ. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅಲ್ಲಿ ನಾಲ್ಕು ಮನೆಯವರು ಸೇರಿ ಕೊಂಡಿದ್ದರು. ನನ್ನ ಪಾಲಿಗೆ ಅದು ಶೇರ್ಡ್. ಹುಳು ಸಾಕುವ ತಟ್ಟೆಗಳು ಮಾತ್ರ ಮನೆಮನೆಗೂ ಸ್ವಂತದವು. ಅದು ಸ್ಟ್ಯಾಟಿಕ್.

ಹಂಚಿಕೊಳ್ಳುವುದರ ಕಷ್ಟವೂ ಅಲ್ಲೇ ತಿಳಿಯಿತು. ಆ ಸಲ ಬೆಲೆ ಚೆನ್ನಾಗಿದೆಯೆಂದು ನಾಲ್ಕೂ ಮನೆಯವರು ಒಂದೇ ವಾರ ಹುಳು ತಂದುಬಿಟ್ಟಿದ್ದರು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಚಂದ್ರಿಕೆ ಸಿಗದಿದ್ದರೆ ಸೊಪ್ಪಿನ ಮೇಲೇ ನೂಲು ಚೆಲ್ಲಿ ಹಾಳಾಗುತ್ತದೆ. ಹಿಂದಿನ ಬೆಳೆಯಲ್ಲಿ ಇದೇ ಕಾರಣಕ್ಕೆ ನಮ್ಮ ಮನೆಗೂ ಪಕ್ಕದ ಕೆಂಪಣ್ಣನವರ ಮನೆಗೂ ಮಾತು ನಿಂತು, ಈಗಷ್ಟೇ ಶುರುವಾಗಿತ್ತು.

ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಹುಳಕ್ಕೆ ಜ್ವರ ಎಂದಾಗ, ಔಷಧಿ ಕೊಟ್ಟಿರಾ ಎಂದು ಕೇಳಿದ ಚನ್ನಪಟ್ಟಣದ ಪೇಟೆ ಹುಡುಗಿ ನಾನು. ಅಂಥವಳು ಈಗ, ಕೊನೆಯ ಜ್ವರ ಯಾವ ದಿನ ಬಿಟ್ಟಿತು, ಸಾಕಣೆ ಮನೆಯ ಶಾಖ ಎಷ್ಟು ಎಂದು ಕೇಳಿಕೊಂಡು, ಯಾರ ಹುಳು ಯಾವಾಗ ಹಣ್ಣಾಗುತ್ತದೆಂದು ಹೇಳುವ ಪ್ರೋಗ್ರಾಮ್ ಬರೆದೆ. ಅದರ ಲೆಕ್ಕಾಚಾರವನ್ನೆಲ್ಲ ಒಂದು ಶೇರ್ಡ್ ಲೈಬ್ರರಿಯಲ್ಲಿಟ್ಟಿದ್ದೆ. ಅತ್ತೆ ನಾಲ್ಕೂ ಮನೆಯವರನ್ನು ಕೂರಿಸಿ ಮಾತು ಕೊಟ್ಟುಬಿಟ್ಟರು: “ಈ ಸಲ ಜಗಳ ಬ್ಯಾಡ. ನಮ್ಮ ಸೊಸೆ ಕಂಪ್ಯೂಟ್ರು ಯೋಳ್ದಂಗೆ ಸರದಿ.”

ಊರಿನ ಹಾಲಿನ ಡೇರಿಯಲ್ಲಿ ಒಂದು ಕಂಪ್ಯೂಟರಿತ್ತು. ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತಂದು, ಹಾಲಿನ ಕ್ಯಾನುಗಳ ನಡುವೆ ನಿಂತ ಜನರೆದುರು, ವೀಣೆ ನುಡಿಸುವವಳ ಗತ್ತಿನಲ್ಲಿ ಎಂಟರ್ ಒತ್ತಿದೆ. ಇದು ಬರಿಯ ಹೊದಿಕೆ, ನಿಜವಾದ ಪ್ರೋಗ್ರಾಮ್ ಇಲ್ಲಿಲ್ಲ ಎಂದಿತು ಪರದೆ. ಶೇರ್ಡ್ ಲೈಬ್ರರಿ ಬಳಸುವಾಗ ಲಿಬ್‌ಟೂಲ್ ಅಸಲು ಪ್ರೋಗ್ರಾಮನ್ನು ಒಂದು ಗುಪ್ತ ಕಡತಕೋಶದಲ್ಲಿ ಬಚ್ಚಿಟ್ಟು, ಅದೇ ಹೆಸರಿನ ಪುಟ್ಟ ಹೊದಿಕೆಯೊಂದನ್ನು ಹೊರಗಿಡುತ್ತದೆ. ನಾನು ತಂದದ್ದು ಆ ಹೊದಿಕೆಯನ್ನು. ರಾಮನಗರದ ಮಾರುಕಟ್ಟೆಯಲ್ಲಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಕಡಕಡ ಎಂದಮೇಲೆಯೇ ಬೆಲೆ ಕೂಗುತ್ತಾರೆ. ದಿನಾ ಅದನ್ನು ನೋಡುತ್ತಿದ್ದ ನಾನು ಅಲ್ಲಾಡಿಸದೆ ಖಾಲಿ ಗೂಡು ಹೊತ್ತು ತಂದಿದ್ದೆ.

“ಏನವ್ವ, ಕಂಪ್ಯೂಟ್ರಿಗೂ ಜ್ವರ ಬಂದೈತಾ?” ಎಂದರು ಕೆಂಪಣ್ಣ.

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಹೋಗುತ್ತಿದ್ದುದು ನನ್ನ ಪ್ರೋಗ್ರಾಮಿನ ಮಾನವಲ್ಲ, ಅವರ ಮಾತಿನದು. ಏನು ಕಮ್ಮಿಯಾಯಿತು ಎಂದು ಮೆಲ್ಲಗೆ ಕೇಳಿದರು. ಅಸಲು ಪ್ರೋಗ್ರಾಮೂ ಅದರ ಲೈಬ್ರರಿಯೂ ರಾಮನಗರದಲ್ಲೇ ಉಳಿದವು ಎಂದೆ.

“ಅಂಗಾದ್ರೆ ಓಗಿ ಒತ್ಕೊಂಡು ಬಾ. ಬಸ್ಸು ಐತೆ.”

ಹೊತ್ತುಕೊಂಡೇ ಬರಬೇಕೆಂಬುದು ಅಕ್ಷರಶಃ ಸರಿಯಾಗಿತ್ತು. ಕೆಂಪು ಬಸ್ಸಿನಲ್ಲಿ ಕುಲುಕಾಡಿ ರಾಮನಗರ ಸೇರಿ, ಈ ಸಲ ಎಲ್ಲವನ್ನೂ ಸ್ಟ್ಯಾಟಿಕ್ಕಾಗಿ ಸೇರಿಸು ಎಂದು ಅಪ್ಪಣೆ ಕೊಟ್ಟೆ. ಫೈಲು ಹೊಟ್ಟೆ ತುಂಬಿದ ಹುಳುವಿನಂತೆ ದಪ್ಪಗಾಯಿತು. ಬೇರೊಂದು ಯಂತ್ರದಲ್ಲಿ ಓಡಿಸಿ, ಅಂದರೆ ಚೆನ್ನಾಗಿ ಅಲ್ಲಾಡಿಸಿ ನೋಡಿ, ಸಂಜೆಯ ಹಾಲು ಅಳೆಯುವ ಹೊತ್ತಿಗೆ ಮರಳಿದೆ. ಎಂಟರ್ ಒತ್ತಿದೆ. ಕೆಂಪಣ್ಣನವರ ಹುಳು ಮೊದಲು, ನಮ್ಮದು ಎಲ್ಲರಿಗಿಂತ ಕೊನೆಗೆ ಎಂದು ಪರದೆಯ ಮೇಲೆ ಮೂಡಿತು.

ಸೊಸೆಯ ಪ್ರೋಗ್ರಾಮು ಅತ್ತೆಯನ್ನೇ ಹಿಂದೆ ಹಾಕಿತಲ್ಲ ಎಂದುಕೊಂಡು ಅವರತ್ತ ತಿರುಗಿದೆ. ಅತ್ತೆ ಪರದೆಯನ್ನೂ ಕೆಂಪಣ್ಣನವರನ್ನೂ ನೋಡಿ, ಚಂದ್ರಿಕೆಗಳನ್ನು ಬೆಳಿಗ್ಗೆಯೇ ಒಯ್ಯಲು ಹೇಳಿ, ತಲೆಯೆತ್ತಿಕೊಂಡು ಮನೆಗೆ ನಡೆದರು. ಹುಳುಗಳೂ ನನ್ನ ಮಾನ ಉಳಿಸಿದವು. ಪರದೆ ಹೇಳಿದ ಸರದಿಯಲ್ಲೇ ಒಂದೊಂದು ಮನೆಯಲ್ಲಿ ಹಣ್ಣಾದವು. ಯಾರ ನೂಲೂ ಸೊಪ್ಪಿನ ಪಾಲಾಗಲಿಲ್ಲ. ನನಗೆ ಹೆಮ್ಮೆಯಾಯಿತು. ಈಗಲೂ ಆಗುತ್ತದೆ, ಮುಚ್ಚಿಡುವುದೇಕೆ?

ಸುದ್ದಿ ಹಬ್ಬಿತು. ಕೆಂಪಣ್ಣನವರ ಬೈರಮಂಗಲದ ಭಾವಮೈದ ಬಂದು, ಮುಂದಿನ ಬೆಳೆಗೆ ಚಂದ್ರಿಕೆಗಳನ್ನೂ ಜೊತೆಗೆ ನನ್ನನ್ನೂ ನಾಲ್ಕು ದಿನ ಕಳಿಸಿಕೊಡಿ ಎಂದು ಜಗುಲಿಯ ಮೇಲೆ ಕೂತರು. ಲೈಬ್ರರಿಯ ಬಗೆಗಳನ್ನು ನಾನು ಅತ್ತೆಗೆ ಎಂದೂ ವಿವರಿಸಿದವಳಲ್ಲ.

“ಚಂದ್ರಂಕಿ ಬೇಕಾದ್ರೆ ತಕೊಂಡೋಗಪ್ಪ, ಅದು ನಾಕು ಮನೇದು,” ಎಂದರು ಅತ್ತೆ. “ಸೊಸೆ ನಮ್ಮನೇವ್ಳು. ಎಲ್ಗೂ ಕಳ್ಸಾಕಿಲ್ಲ.”

ನಾನು ಸ್ಟ್ಯಾಟಿಕ್ಕಾಗಿ ಒಳಗೆ ಹೋಗಿ ಕಾಫಿಗಿಟ್ಟೆ.