ಹಿಂದೆ ಹೇಳುವವರ ಇಂಗ್ಲಿಷ್

ನನಗೆ ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾದು ಗೊತ್ತಿಲ್ಲ. ಎದುರಿಗಿರುವವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧ ನನ್ನ ಬಾಯಿಂದ ಬಂದುಬಿಟ್ಟಿರುತ್ತದೆ. ನಮ್ಮ ಯಜಮಾನರು ಇದಕ್ಕೆ ಒಗ್ಗಿಹೋಗಿದ್ದಾರೆ. ಊಟಕ್ಕೆ ಕೂತು, "ಸಾರಿಗೆ ಒಂಚೂರು..." ಎಂದು ನಿಲ್ಲಿಸಿ, "ಉಳಿದಿದ್ದು ನೀನೇ ಹೇಳು" ಎಂದು ನನ್ನ ಮುಖ ನೋಡುತ್ತಾರೆ. ಮನೆಯಲ್ಲಿ ಇದು ತಮಾಷೆ. ಶಾಲೆಯಲ್ಲಿ ಇದೇ ಚಾಳಿ ಒಬ್ಬ ಹೆಂಗಸಿನ ದಾರಿಗೆ ಅಡ್ಡ ಬಂತು. ಅದನ್ನು ಬರೆಯದೆ ಸಮಾಧಾನವಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ನಾನಿರುವುದು ಶಿಕಾರಿಪುರದಲ್ಲಿ. ಕೆಲಸ ಸೊರಬ ತಾಲ್ಲೂಕಿನಲ್ಲಿ, ಕುಪ್ಪಗಡ್ಡೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಬಸ್ಸು ಬದಲಿಸಿ ಬದಲಿಸಿ ಹೋಗಬೇಕು. ಆ ವರ್ಷ ಹತ್ತಿದ ಬಸ್ಸಿನಲ್ಲೆಲ್ಲ ಒಂದೇ ಸಿನಿಮಾ ಹಾಡು. ಬಸ್ಸಿಳಿದರೆ ಟ್ರ್ಯಾಕ್ಟರಿನಲ್ಲೂ ಅದೇ, ಶಾಲೆಯ ಗೇಟು ದಾಟಿದರೆ ಮಕ್ಕಳ ಬಾಯಲ್ಲೂ ಅದೇ. ಈಗಿನ ಹಾಡುಗಳ ಹಾಗೆ ಅದರಲ್ಲೂ ಅರ್ಧಕ್ಕರ್ಧ ಇಂಗ್ಲಿಷ್ ಪದಗಳು. ಪಾಠದ ಪುಸ್ತಕದಲ್ಲಿ "ವಾಕ್" ಅಂದರೆ ಏನು ಎಂದು ಕೇಳಿದರೆ ಹೆಂಚು ಎಣಿಸುತ್ತಿದ್ದ ಮಕ್ಕಳು, ಅದೇ ಪದ ಹಾಡಿನಲ್ಲಿ ಬಂದಾಗ ಸೊಂಟದ ಮೇಲೆ ಕೈಯಿಟ್ಟು ನಡೆದು ತೋರಿಸುತ್ತಿದ್ದವು. ಇಷ್ಟು ದಿನ ನಾನು ಗಂಟಲು ಹರಿದುಕೊಂಡದ್ದು ದಂಡ ಅನ್ನಿಸಿತು.

ಮರುದಿನವೇ ಹಾಡಿನಲ್ಲಿದ್ದ ಇಂಗ್ಲಿಷ್ ಪದಗಳನ್ನೆಲ್ಲ ಮಕ್ಕಳಿಂದಲೇ ಹೇಳಿಸಿ ಬೋರ್ಡಿನ ಮೇಲೆ ಬರೆದೆ. ಒಂದು ವಾರದ ಮೇಲೆ ಹಾಡಿನ ಮಾತುಗಳನ್ನು ಬಿಟ್ಟು ಧಾಟಿಯನ್ನಷ್ಟೇ ಇಟ್ಟುಕೊಂಡು ನಮ್ಮದೇ ಸಾಲು ಕಟ್ಟಿದೆ. ಐ ವಾಕ್, ಯು ವಾಕ್, ಶಿ ವಾಕ್ಸ್. ಕೊನೆಯ "ಎಸ್" ಬಂದಲ್ಲಿ ಒಂದು ಚಪ್ಪಾಳೆ. "ಯೆಸ್ಟರ್ಡೇ" ಎಂದು ಶುರುವಾದರೆ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ, "ಟುಮಾರೋ" ಅಂದರೆ ಒಂದು ಹೆಜ್ಜೆ ಮುಂದಕ್ಕೆ. ಮೊದಲ ಸಾಲು ನಾನು ಹೇಳಬೇಕು, ಮಕ್ಕಳು ಎತ್ತಿಕೊಳ್ಳಬೇಕು. ನನ್ನ ತರಗತಿ ಅಷ್ಟು ಗಲಾಟೆಯಾಗಿ, ಅಷ್ಟು ಖುಷಿಯಾಗಿ ಯಾವತ್ತೂ ಇರಲಿಲ್ಲ.

ನಮ್ಮ ಬಿಸಿಯೂಟದ ಅಡುಗೆಮನೆ ತರಗತಿಗೆ ಅಂಟಿಕೊಂಡೇ ಇದೆ. ಒಂದು ದಿನ "ಶಿ ಕುಕ್ಸ್" ಎಂದು ಹೇಳಿಸುತ್ತಿದ್ದೆ. ಮಕ್ಕಳ ಚಪ್ಪಾಳೆಯ ಜೊತೆಗೆ ಗೋಡೆಯ ಆಚೆ ಠಣ್ ಎಂದು ಶಬ್ದ. ಇನ್ನೊಂದು ಸಾಲು ಹೇಳಿದೆ, ಅಲ್ಲೂ ಸರಿಯಾಗಿ "ಎಸ್" ಇದ್ದ ಕಡೆಗೇ ಠಣ್. ಬೇಕೆಂದೇ "ದೇ ಕುಕ್" ಅಂದೆ. ಮಕ್ಕಳಲ್ಲಿ ಇಬ್ಬರು ತಪ್ಪಿ ಚಪ್ಪಾಳೆ ಹೊಡೆದರು, ಗೋಡೆಯ ಆಚೆ ಸದ್ದಿಲ್ಲ. ಹೋಗಿ ನೋಡಿದರೆ ಅಡುಗೆ ಮಾಡುವ ಹೆಂಗಸು ಸೌಟು ಹಿಡಿದುಕೊಂಡು, ಸಿಕ್ಕಿಬಿದ್ದವರ ಹಾಗೆ ನಗುತ್ತ ನಿಂತಿದ್ದರು.

ಅವರು ಆ ಊರಿಗೆ ಸೊಸೆಯಾಗಿ ಬಂದವರು. ಮನೆಯಲ್ಲಿ ಸ್ವಲ್ಪ ಗದ್ದೆ, ಎರಡು ಎಮ್ಮೆ, ಗಂಡ, ಅತ್ತೆ. ಮಗಳೊಬ್ಬಳು ನಮ್ಮ ಶಾಲೆಯಲ್ಲೇ ಓದಿ ಈಗ ಹೈಸ್ಕೂಲಿಗೆ ಹೋಗುತ್ತಿದ್ದಳು. ಆವತ್ತು ಮಧ್ಯಾಹ್ನ ಮಕ್ಕಳ ಊಟವಾದ ಮೇಲೆ, ಪಾತ್ರೆ ಬೋರಲು ಹಾಕುತ್ತ ಅವರೇ ಮಾತು ತೆಗೆದರು.

"ಅಕ್ಕೋರೆ, ನಾನು ಎಸ್ಸೆಸ್ಸೆಲ್ಸೀಲಿ ಎಲ್ಲ ಪಾಸಾಗೀನಿ. ಇಂಗ್ಲೀಷ್ ಒಂದೇ ಕೂತ್‌ಬಿಟ್ಟೈತೆ."

"ಈಗ್ ಅದ್ಯಾಕ್ ನೆನಪಾಯ್ತ್ರಿ?"

"ನಮ್ ಕೇರಿ ಅಂಗನವಾಡಿ ಸಹಾಯಕಿ ಬರೋ ವರ್ಷ ರಿಟೈರ್ ಆಗ್ತಾರೆ. ಊರಿನೋರಿಗೇ ಕೊಡಾದಂತೆ. ಎಸ್ಸೆಸ್ಸೆಲ್ಸಿ ಆಗಿರ್ಬೇಕು, ಮೂವತ್ತೈದು ದಾಟಿರ್ಬಾರ್ದು. ನಂಗೆ ಈಗ ಮೂವತ್ನಾಲ್ಕು. ಇದೊಂದ್ ಸಲ ಬಿಟ್ರೆ ಮುಗೀತು."

"ಪಾಸ್ ಮಾಡಿಸ್ತೀನಿ ಬಿಡ್ರಿ" ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಹಾಡಿನ ಗುಂಗಿನಲ್ಲಿದ್ದೆ. ಆ ಹಾಡಿನಿಂದ ಯಾರಿಗೆ ಬೇಕಾದರೂ ಇಂಗ್ಲಿಷ್ ಬರಿಸಿಬಿಡಬಲ್ಲೆ ಎಂಬ ಕೊಬ್ಬು ತಲೆಗೆ ಹತ್ತಿತ್ತು.

ಪರೀಕ್ಷೆಗೆ ಫೀಸು ಕಟ್ಟಿಸಿದೆ. ದಿನಾ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಪಾಠ. ನಾನು ಮೊದಲ ಸಾಲು ಹೇಳುತ್ತಿದ್ದೆ, ಅವರು ಎತ್ತಿಕೊಳ್ಳುತ್ತಿದ್ದರು. ಎಷ್ಟು ಚುರುಕು ಅಂದರೆ, ಮಕ್ಕಳಿಗೆ ತಿಂಗಳು ಹಿಡಿದದ್ದು ಅವರಿಗೆ ನಾಲ್ಕೇ ದಿನ. ಅಕ್ಕಿ, ಬೇಳೆ, ಉಪ್ಪು, ಒಲೆ, ಮುಚ್ಚಳ, ಕೈಗೆ ಸಿಕ್ಕಿದ್ದಕ್ಕೆಲ್ಲ ಇಂಗ್ಲಿಷ್ ಹೆಸರು ಕೇಳಿ ಹಾಡಿಗೆ ಸೇರಿಸಿಕೊಂಡರು. ನಿನ್ನೆಗೆ ಒಂದು ಹೆಜ್ಜೆ ಹಿಂದೆ ಹೋಗುವಾಗ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಪತ್ರ ಬರೆಯುವುದು, ಪ್ರಬಂಧ ಬರೆಯುವುದು ಎಲ್ಲವನ್ನೂ ನಾನು ಆ ಧಾಟಿಗೇ ಹೊಂದಿಸಿ ಸಾಲು ಮಾಡಿ ಕೊಟ್ಟೆ. ನಾನು "ಡಿಯರ್ ಫಾದರ್" ಎಂದರೆ ಸಾಕು, ಪತ್ರದ ಕೊನೆಯವರೆಗೆ ಅವರು ತಡವರಿಸದೆ ಹೇಳಿಬಿಡುತ್ತಿದ್ದರು.

ಒಮ್ಮೆ ಕೇಳಿದೆ, "ನಿಮ್ಗೆ ಧಾಟಿ ಇಷ್ಟು ಬೇಗ ಹೆಂಗ್ರಿ ಹಿಡೀತದೆ?"

"ಸೋಬಾನೆ ಹೇಳ್ತೀವಲ್ಲ ಅಕ್ಕೋರೆ" ಅಂದರು.

ಮದುವೆ ಮನೆಗಳಲ್ಲಿ ಹೆಂಗಸರು ಹಾಡಿ ಹೇಳುವ ಪದ ಅದು. ಇಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಅವರ ಊರಿನಲ್ಲಿ ಮುಂದೆ ಹೇಳುವುದು ಅವರ ಅತ್ತೆ ಮತ್ತು ಅತ್ತೆಯ ವಾರಗಿತ್ತಿ. ಹಿರಿಯರು ಇರುವಾಗ ಸೊಸೆಯಂದಿರು ಮೊದಲ ಸೊಲ್ಲು ಎತ್ತುವ ಹಾಗಿಲ್ಲ. ಮದುವೆಯಾಗಿ ಬಂದಾಗಿನಿಂದ ಇವರು ಹಿಂದೆ ಹೇಳುವವರು. ನೂರಾರು ಪದ ಬರುತ್ತವೆ, ಆದರೆ ಒಂದನ್ನೂ ತಾವಾಗಿ ಶುರು ಮಾಡಿದ್ದಿಲ್ಲ.

"ಅತ್ತೆ ಒಂದ್ ಸೊಲ್ ಎತ್ತಿದ್ರೆ ಸಾಕು, ಬೆಳಗಾಗೋ ತಂಕ ಹೇಳ್ತೀನಿ" ಎಂದು ನಕ್ಕರು. ನಾನೂ ನಕ್ಕೆ. ಚೆನ್ನಾಗಿದೆ, ಇದನ್ನು ವರದಿಯಲ್ಲಿ ಸೇರಿಸಬಹುದು ಎಂದುಕೊಂಡೆ. ಅವರು ನನಗೆ ಏನು ಹೇಳಿದರು ಎಂಬುದು ತಲೆಗೆ ಹೋಗಲಿಲ್ಲ.

ವರದಿಯ ಮಾತು ಹೇಳಬೇಕು. ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬರಿಗೆ ನನ್ನ ಹಾಡಿನ ಪಾಠದ ಸುದ್ದಿ ಮುಟ್ಟಿತ್ತು. ಬಂದು ನೋಡುತ್ತೇನೆ, ಚೆನ್ನಾಗಿದ್ದರೆ ಶಿಕಾರಿಪುರದಲ್ಲಿ ನಡೆಯುವ ಶಿಕ್ಷಕರ ಸಮಾವೇಶದಲ್ಲಿ ನಿಮ್ಮದನ್ನು ಇಡೋಣ, ಒಂದು ವರದಿ ಬರೆದುಕೊಡಿ ಎಂದಿದ್ದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆ ಅಧಿಕಾರಿ ಬರುವ ದಿನ. ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ಮಧ್ಯಾಹ್ನ ಕಟ್ಟೆಯ ಮೇಲೆ ಕೂರುತ್ತಲೇ ಅಡುಗೆಯವರು ಕೇಳಿದರು, "ಅಕ್ಕೋರೆ, ಇವತ್ತು ನಾನು ಮುಂದೆ ಹೇಳ್ತೀನಿ. ನೀವು ಹಿಂದೆ ಹೇಳ್ತೀರಾ?"

"ಹೇಳ್ರಿ" ಅಂದೆ, ಗೇಟಿನ ಕಡೆ ಒಂದು ಕಣ್ಣಿಟ್ಟುಕೊಂಡು.

ಅವರು ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು, ಮುಚ್ಚಿದರು. ಕೈಬೆರಳು ಸೆರಗಿನ ಅಂಚು ಸುತ್ತುತ್ತಿತ್ತು. ದಿನಾ ನೀರು ಕುಡಿದಷ್ಟು ಸುಲಭವಾಗಿ ಹೇಳುತ್ತಿದ್ದ ಪತ್ರ ಅದು. "ಡಿ..." ಎಂದು ನಿಂತರು. ಮುಖ ಕೆಂಪಾಯಿತು. ಅವರು ಹುಡುಕುತ್ತಿದ್ದರು, ಹತ್ತಿರದಲ್ಲೇ ಇತ್ತು, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಸಿಗುತ್ತಿತ್ತು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. "ಡಿಯರ್ ಫಾದರ್, ಐ ಆಮ್ ವೆಲ್ ಹಿಯರ್" ಎಂದು ನಾನೇ ಹೇಳಿಬಿಟ್ಟೆ. ತಕ್ಷಣ ಅವರ ಬಾಯಿಂದ ಉಳಿದದ್ದೆಲ್ಲ ಸರಾಗವಾಗಿ ಬಂತು.

"ನೋಡ್ರಿ, ಎಲ್ಲಾ ಬರ್ತದೆ ನಿಮ್ಗೆ" ಅಂದೆ.

"ಇನ್ನೊಂದ್ ಸಲ ನಾನೇ ಶುರು ಮಾಡ್ಲಾ?"

ಅಷ್ಟರಲ್ಲಿ ಗೇಟಿನ ಹತ್ತಿರ ಬೈಕು ನಿಂತ ಸದ್ದು. "ಬ್ಯಾಡ್ರಿ, ಈಗ ಹಿಂದೆ ಹೇಳಿದ್ರೆ ಸಾಕು. ಸಾಹೇಬ್ರು ಬಂದ್ರು, ಅವ್ರ ಮುಂದೆ ತಡವರಿಸೋದ್ ಬ್ಯಾಡ" ಅಂದೆ. ಅಧಿಕಾರಿಯ ಎದುರು ನಾನು ಸಾಲು ಎತ್ತಿದೆ, ಅವರು ಮಕ್ಕಳ ಜೊತೆ ನಿಂತು ಹಿಂದೆ ಹೇಳಿದರು. ಅಧಿಕಾರಿ ತಲೆದೂಗಿದರು. ಅಡುಗೆಯವರಿಗೂ ಇಂಗ್ಲಿಷ್ ಕಲಿಸಿದ್ದೀರಲ್ಲ ಮೇಡಂ ಅಂದರು. ಅದೇ ರಾತ್ರಿ ವರದಿ ಬರೆದು ಕಳಿಸಿದೆ. ಅಡುಗೆಯವರು ಮತ್ತೆ ಯಾವತ್ತೂ ಮುಂದೆ ಹೇಳುತ್ತೇನೆ ಎಂದು ಕೇಳಲಿಲ್ಲ. ನಾನೂ ಹೇಳಿ ಎನ್ನಲಿಲ್ಲ.

ಪರೀಕ್ಷೆಯ ದಿನ ಮಗಳ ಜಾಮೆಟ್ರಿ ಬಾಕ್ಸು ಹಿಡಿದುಕೊಂಡು ಸೊರಬಕ್ಕೆ ಹೋದರು. ನಾನು ಶಾಲೆಯಿಂದಲೇ ಹಾರೈಸಿದೆ. ಫಲಿತಾಂಶವನ್ನು ನನ್ನ ಮೊಬೈಲಿನಲ್ಲಿ ನಾನೇ ನೋಡಿದೆ. ಫೇಲು. ನಂಬರು ತಪ್ಪು ಹಾಕಿರಬೇಕು ಎಂದು ಮೂರು ಸಲ ಹಾಕಿ ನೋಡಿದೆ.

ಹೇಳಲು ಮನೆಗೆ ಹೋದೆ. ಅವರಿಗೆ ಆಗಲೇ ಗೊತ್ತಿತ್ತು, ಮಗಳು ನೋಡಿದ್ದಳಂತೆ. ಮಜ್ಜಿಗೆ ಕೊಟ್ಟರು. ಅಳಲಿಲ್ಲ. ಅಳುತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿಟ್ಟ ಸ್ಥಳ ತುಂಬಾದು, ಹೊಂದಿಸಿ ಬರೆಯಾದು, ಅವೆಲ್ಲ ಮಾಡ್ದೆ ಅಕ್ಕೋರೆ. ಅದ್ರಲ್ಲಿ ಅರ್ಧ ಅವ್ರೇ ಕೊಟ್ಟಿರ್ತಾರಲ್ಲ. ಪತ್ರಕ್ಕೆ ಬಂದೆ. ಖಾಲಿ ಹಾಳೆ. ಮೊದಲ್ನೇ ಸೊಲ್ಲೇ ಬರ್ಲಿಲ್ಲ. ಯಾರಾದ್ರು ಒಂದ್ ಮಾತು ಹೇಳಿದ್ರೆ ಉಳಿದಿದ್ದೆಲ್ಲ ಬರ್ತಿತ್ತು. ಸುತ್ತ ಎಲ್ರೂ ಬರೀತಾ ಇದ್ರು. ನಾನು ಕಾಯ್ತಾ ಕೂತೆ."

"ಎಷ್ಟ್ ಹೊತ್ತು?"

"ಬೆಲ್ ಹೊಡೆಯೋ ತಂಕ."

ಮಜ್ಜಿಗೆ ಲೋಟ ಕೆಳಗಿಟ್ಟೆ. ಎರಡನೇ ಪರೀಕ್ಷೆಗೆ ಕಟ್ಟೋಣ ಅಂದೆ. ಅಂಗನವಾಡಿಯ ಅರ್ಜಿಗೆ ಕೊನೆಯ ದಿನ ಅದಕ್ಕೂ ಮುಂಚೆಯೇ ಇತ್ತು. ಅರ್ಜಿಯ ಜೊತೆಗೆ ಪಾಸಾದ ಅಂಕಪಟ್ಟಿ ಇಡಬೇಕು. ಮತ್ತೆ ಕರೆಯುವಷ್ಟರಲ್ಲಿ ಇವರಿಗೆ ವಯಸ್ಸು ದಾಟಿರುತ್ತದೆ. ಇದೆಲ್ಲ ನನಗಿಂತ ಮೊದಲೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದರು.

"ನೀವು ಚೆನ್ನಾಗೇ ಕಲಿಸಿದ್ರಿ ಅಕ್ಕೋರೆ. ನನ್ ತಲೇಗೇ ಹತ್ಲಿಲ್ಲ, ಎಂತ ಮಾಡಾದು" ಅಂದರು.

ಅಲ್ಲ, ನಿಮ್ಮ ತಲೆಗೆ ಎಲ್ಲ ಹತ್ತಿತ್ತು, ಶುರು ಮಾಡಲು ನಾನೇ ಬಿಡಲಿಲ್ಲ ಎಂದು ಆಗ ಹೇಳಬೇಕಿತ್ತು. "ಪೇಪರ್ ಕಷ್ಟ ಇತ್ತಂತೆ ಈ ಸಲ" ಎಂದು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಸಮಾವೇಶ ಬಂತು. ನಾಲ್ಕು ಮಕ್ಕಳನ್ನು ಕರೆತಂದು ಹಾಡಿನ ಪಾಠ ತೋರಿಸಿ ಎಂದಿದ್ದರು. ಮಕ್ಕಳ ಜೊತೆ ಒಬ್ಬ ಹೆಂಗಸು ಇರಲಿ ಎಂದು ನಮ್ಮ ಹೆಡ್‌ಮಾಸ್ಟರು ಅಡುಗೆಯವರನ್ನೇ ಕಳಿಸಿದರು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ಮಕ್ಕಳು ಚೆನ್ನಾಗಿ ಹೇಳಿದವು. ಆಮೇಲೆ ಅಧಿಕಾರಿ ಮೈಕ್ ಹಿಡಿದು ನನ್ನ ವರದಿ ಓದತೊಡಗಿದರು. ಆ ವರದಿ ಫಲಿತಾಂಶಕ್ಕೂ ಮುಂಚಿನದು ಎಂಬುದು ನನಗೆ ಆ ಗಳಿಗೆಯವರೆಗೆ ಹೊಳೆದೇ ಇರಲಿಲ್ಲ. "ನಮ್ಮ ಶಾಲೆಯ ಅಡುಗೆಯವರು ಇದೇ ಹಾಡಿನಿಂದ ಇಂಗ್ಲಿಷ್ ಕಲಿತು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಧೈರ್ಯವಾಗಿ ಎದುರಿಸುತ್ತಿದ್ದಾರೆ" ಎಂದು ಓದಿ, "ಅವರೂ ಬಂದಿದಾರಂತೆ, ಎದ್ದು ನಿಲ್ಲಿ ತಾಯಿ" ಅಂದರು.

ಅವರು ನನ್ನ ಕಡೆ ನೋಡಿದರು. ನಾನು ವೇದಿಕೆಯ ಮೇಲಿದ್ದೆ, ಮೈಕ್ ಕೈಗೆಟಕುವಷ್ಟು ಹತ್ತಿರ. ಅವರು ಎದ್ದು ನಿಂತು ಕೈ ಮುಗಿದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಸಾಯಂಕಾಲ ಅವರನ್ನೂ ಮಕ್ಕಳನ್ನೂ ಬಸ್ಸು ಹತ್ತಿಸಲು ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಹೋದೆ. ಮಕ್ಕಳು ಐಸ್‌ಕ್ರೀಮ್ ತಿನ್ನುತ್ತಿದ್ದವು. ಅವರು ಮೆಲ್ಲಗೆ ಹತ್ತಿರ ಬಂದರು.

"ಅಕ್ಕೋರೆ, ನಮ್ ಕಡೆ ಮೇಷ್ಟ್ರುಗಳೂ ಸುಮಾರ್ ಜನ ಬಂದಿದ್ರು. ನಾನು ಪಾಸಾಗೀನಿ ಅಂತ ತಿಳ್ಕಂಡ್ರು ಕಾಣತ್ತೆ. ಒಬ್ರು ಬಂದು ಕಂಗ್ರಾಟ್ಸ್ ಅಂದ್ರು. ಊರಲ್ಲಿ ಯಾರಾದ್ರು ಕೇಳಿದ್ರೆ ನಾನು ಎಂತ ಹೇಳ್ಲಿ?"

ಅವರು ಉತ್ತರಕ್ಕಾಗಿ ನಿಂತರು. ಅವಸರವೇನೂ ಇರಲಿಲ್ಲ, ಬಸ್ಸು ಇನ್ನೂ ಬಂದಿರಲಿಲ್ಲ. ನಿಜ ಹೇಳಿ, ತಪ್ಪು ಟೀಚರದು ಎಂದು ಹೇಳಿ, ನಾಳೆ ನಾನೇ ಆ ಅಧಿಕಾರಿಗೆ ಪತ್ರ ಬರೆಯುತ್ತೇನೆ. ಇಷ್ಟು ಹೇಳಲು ಬೇಕಾದಷ್ಟು ಸಮಯವಿತ್ತು.

"ಏನೂ ಹೇಳಾಕ್ ಹೋಗ್ಬ್ಯಾಡ್ರಿ" ಅಂದೆ.

"ಆಯ್ತು ಅಕ್ಕೋರೆ" ಅಂದರು. ಬಸ್ಸು ಬಂದ ಮೇಲೆ ಮಕ್ಕಳನ್ನು ಮೊದಲು ಹತ್ತಿಸಿ, ಆಮೇಲೆ ತಾವು ಹತ್ತಿದರು.

ಈಗಲೂ ಅವರೇ ಅಡುಗೆ ಮಾಡುತ್ತಾರೆ, ನಾನೇ ಇಂಗ್ಲಿಷ್ ಕಲಿಸುತ್ತೇನೆ. ಅವರು ಇವತ್ತಿನವರೆಗೂ ಯಾರಿಗೂ ಏನೂ ಹೇಳಿಲ್ಲ.